ಸಹಿಸಿದವರೇ ಸತಾಯಿಸುವ ಸರಪಳಿ

ಒಂದು ಗುಂಪಿಗೆ ಹೊಸದಾಗಿ ಸೇರಿದವರನ್ನು ಅಲ್ಲಿ ಮೊದಲೇ ಇದ್ದವರು ಪರಿಚಯದ ನೆಪದಲ್ಲಿ ಅವಮಾನಿಸುವ, ದುಡಿಸಿಕೊಳ್ಳುವ, ಹಿಂಸಿಸುವ ನಡವಳಿಕೆಗೆ ರ‍್ಯಾಗಿಂಗ್ ಎನ್ನುತ್ತಾರೆ. ಭಾರತದಲ್ಲಿ ಈ ಪದ ಕೇಳಿದೊಡನೆ ಕಾಲೇಜು ಹಾಸ್ಟೆಲ್ ನೆನಪಾಗುತ್ತದೆ. ಆದರೆ ಸೇನೆಯ ಬ್ಯಾರಕ್, ಕ್ರೀಡಾ ತಂಡ, ತರಬೇತಿ ಕೇಂದ್ರ, ವಾದ್ಯವೃಂದ ಹೀಗೆ ಹಿರಿಯ–ಕಿರಿಯ ಎಂಬ ಶ್ರೇಣಿ ಇರುವ, ಹೊರಗಿನವರ ಕಣ್ಣು ಬೀಳದ ಯಾವ ಗುಂಪಿನಲ್ಲಾದರೂ ಇದು ಬೇರುಬಿಡಬಲ್ಲದು. ಇದನ್ನು ಕೆಲವು ದುಷ್ಟ ಹುಡುಗರ ಕಿಡಿಗೇಡಿತನವೆಂದು ನೋಡಿದರೆ ಅರ್ಥವೂ ಆಗುವುದಿಲ್ಲ, ತಡೆಯುವುದೂ ಸಾಧ್ಯವಾಗುವುದಿಲ್ಲ. ಇದು ಒಂದು ಬ್ಯಾಚ್ ಇನ್ನೊಂದು ಬ್ಯಾಚ್‌ಗೆ ದಾಟಿಸುವ ರೂಢಿ. ದಾಟುವ ಜಾಗವನ್ನು ಗುರುತಿಸಿದವರು ಮಾತ್ರ ಇದನ್ನು ತಡೆಯಬಲ್ಲರು.

ಯಾವುದು ರ‍್ಯಾಗಿಂಗ್?

ಸಮಾನರ ನಡುವಿನ ಕೀಟಲೆಗೂ ರ‍್ಯಾಗಿಂಗ್‌ಗೂ ಇರುವ ವ್ಯತ್ಯಾಸ ಅಧಿಕಾರದ್ದು. ಕೀಟಲೆ ಮಾಡಿಸಿಕೊಂಡವನು ತಿರುಗಿ ಕೀಟಲೆ ಮಾಡಬಹುದು, ಬೇಡವೆನಿಸಿದರೆ ಎದ್ದು ಹೋಗಬಹುದು. ರ‍್ಯಾಗಿಂಗ್‌ನಲ್ಲಿ ಈ ಎರಡೂ ದಾರಿ ಮುಚ್ಚಿರುತ್ತವೆ. ಮುಂದಿನ ಕೆಲವು ವರ್ಷ ಅದೇ ಹಾಸ್ಟೆಲ್‌ನಲ್ಲಿ ಉಣ್ಣಬೇಕು, ಅದೇ ಲ್ಯಾಬ್‌ನಲ್ಲಿ ಕಲಿಯಬೇಕು ಎಂಬ ಭಯ ಹೊಸಬನ ಬಾಯಿ ಕಟ್ಟುತ್ತದೆ. ಆದ್ದರಿಂದಲೇ ‘ಅವನೇ ಒಪ್ಪಿ ಮಾಡಿದ’ ಎಂಬ ಸಮರ್ಥನೆಗೆ ಇಲ್ಲಿ ಬೆಲೆಯಿಲ್ಲ. ನಿರಾಕರಿಸುವ ಸ್ವಾತಂತ್ರ್ಯ ಇಲ್ಲದ ಕಡೆ ಒಪ್ಪಿಗೆಯೂ ಇರುವುದಿಲ್ಲ.

ವಿಶ್ವ ಜಾಗೃತಿ ಮಿಷನ್ ಪ್ರಕರಣದಲ್ಲಿ 2001ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ವ್ಯಾಖ್ಯೆ ಸಾಕಷ್ಟು ವಿಶಾಲವಾಗಿದೆ. ಮಾತು, ಬರಹ ಅಥವಾ ಕೃತ್ಯದ ಮೂಲಕ ಕಿರಿಯ ವಿದ್ಯಾರ್ಥಿಯನ್ನು ಕೆಣಕುವುದು, ಒರಟಾಗಿ ನಡೆಸಿಕೊಳ್ಳುವುದು, ಭಯ ಹುಟ್ಟಿಸುವುದು, ಸಾಮಾನ್ಯವಾಗಿ ಆ ವಿದ್ಯಾರ್ಥಿ ಮಾಡದಂಥ ಕೆಲಸವನ್ನು ಮಾಡಿಸಿ ನಾಚಿಕೆಪಡುವಂತೆ ಮಾಡುವುದು ಎಲ್ಲವೂ ಅದರೊಳಗೆ ಬರುತ್ತವೆ. 1983ರಲ್ಲಿ ರೂಪುಗೊಂಡು 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯ್ದೆಯೂ ರ‍್ಯಾಗಿಂಗ್ ಏನೆಂದು ಹೇಳುತ್ತದೆ. ತಮಾಷೆಗೆಂದೇ ಆಗಲಿ, ಬೇರೆ ಕಾರಣಕ್ಕೇ ಆಗಲಿ, ಮನುಷ್ಯನ ಘನತೆಗೆ ಕುಂದು ತರುವ ಅಥವಾ ಆತನನ್ನು ನಗೆಪಾಟಲಿಗೆ ಗುರಿಮಾಡುವ ಕೆಲಸವನ್ನು ಬೆದರಿಸಿ ಮಾಡಿಸುವುದು ಅದರ ಪ್ರಕಾರ ಅಪರಾಧ. ತಮಾಷೆಯ ಉದ್ದೇಶವಿತ್ತು ಎಂಬುದು ರಕ್ಷಣೆಯಾಗದು ಎಂಬ ಮಾತು ಕಾಯ್ದೆಯಲ್ಲೇ ಅಡಗಿದೆ.

2016ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನ ನಿಯಮಗಳಿಗೆ ತಿದ್ದುಪಡಿ ತಂದು ಬಣ್ಣ, ಧರ್ಮ, ಜಾತಿ, ಲಿಂಗ, ಲೈಂಗಿಕ ಒಲವು, ರೂಪ, ಪ್ರಾದೇಶಿಕ ಮೂಲ, ಭಾಷೆ, ಆರ್ಥಿಕ ಹಿನ್ನೆಲೆ ಇವುಗಳ ಆಧಾರದಲ್ಲಿ ನಡೆಯುವ ದೈಹಿಕ, ಮಾನಸಿಕ ಕಿರುಕುಳವನ್ನೂ ಬಹಿಷ್ಕಾರವನ್ನೂ ರ‍್ಯಾಗಿಂಗ್ ಎಂದು ಸೇರಿಸಿತು. ಇದು ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಮಾತು. ಇಲ್ಲಿನ ನರ್ಸಿಂಗ್, ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೇರಳದವರು, ಈಶಾನ್ಯ ರಾಜ್ಯದವರು, ಉತ್ತರ ಭಾರತದವರು ದೊಡ್ಡ ಸಂಖ್ಯೆಯಲ್ಲಿ ಓದುತ್ತಾರೆ. ಅವರ ಪಕ್ಕದಲ್ಲೇ ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಿಂದ ಬಂದವರೂ ಕೂರುತ್ತಾರೆ. ಮುಖಚರ್ಯೆಯನ್ನೋ ಇಂಗ್ಲಿಷ್ ಉಚ್ಚಾರವನ್ನೋ ಮೀಸಲಾತಿಯಲ್ಲಿ ಸಿಕ್ಕ ಸೀಟನ್ನೋ ಹಿಡಿದು ಆಡಿಕೊಳ್ಳುವುದು ಈ ನಿಯಮದ ವ್ಯಾಪ್ತಿಗೆ ಸ್ಪಷ್ಟವಾಗಿ ಬರುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ ಏರುವ ಹಿಂಸೆ

ರ‍್ಯಾಗಿಂಗ್ ಹೆಚ್ಚಾಗಿ ‘ಇಂಟ್ರೊ’ದಿಂದ ಶುರುವಾಗುತ್ತದೆ. ಹೊಸಬರು ಸೀನಿಯರ್‌ಗಳ ರೂಮಿಗೆ ಹೋಗಿ ಹೆಸರು, ಊರು, ಅಂಕ ಹೇಳಿಕೊಳ್ಳಬೇಕು. ತಲೆ ತಗ್ಗಿಸಿ ತಮ್ಮದೇ ಅಂಗಿಯ ಮೂರನೇ ಗುಂಡಿಯನ್ನು ನೋಡುತ್ತಿರಬೇಕು, ಮಾತಿಗೊಮ್ಮೆ ‘ಸರ್’ ಎನ್ನಬೇಕು, ಇಂಥದೇ ಬಟ್ಟೆ ತೊಡಬೇಕು, ತಲೆಗೂದಲು ಇಷ್ಟೇ ಇರಬೇಕು. ಎರಡನೆಯ ಮೆಟ್ಟಿಲು ಚಾಕರಿ: ರೆಕಾರ್ಡ್ ಬರೆಯುವುದು, ಬಟ್ಟೆ ಒಗೆಯುವುದು, ಮೆಸ್‌ನಿಂದ ಊಟ ತರುವುದು, ಸಿಗರೇಟು–ತಿಂಡಿಗೆ ಸ್ವಂತ ಹಣ ಕೊಡುವುದು. ಮೂರನೆಯದು ಅವಮಾನ: ಕುಣಿಸುವುದು, ಅಶ್ಲೀಲ ಮಾತಾಡಿಸುವುದು, ಅದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸುವುದು. ನಾಲ್ಕನೆಯದು ದೈಹಿಕ ಹಿಂಸೆ: ನೂರಾರು ಬಸ್ಕಿ ಹೊಡೆಸುವುದು, ರಾತ್ರಿಯಿಡೀ ನಿಲ್ಲಿಸುವುದು, ಮದ್ಯ ಕುಡಿಸುವುದು, ಹೊಡೆಯುವುದು, ಲೈಂಗಿಕ ದೌರ್ಜನ್ಯ.

ಮೊದಲ ಮೆಟ್ಟಿಲು ಹತ್ತಿದವನಿಗೆ ಎರಡನೆಯದು ದೊಡ್ಡದಾಗಿ ಕಾಣುವುದಿಲ್ಲ. ಮಾಡಿಸುವವರಿಗೂ ಹಾಗೆಯೇ. ನಿನ್ನೆ ಮಾಡಿಸಿದ್ದಕ್ಕಿಂತ ಇಂದು ತುಸು ಹೆಚ್ಚು ಮಾಡಿಸಿದರೆ ಮಾತ್ರ ನೋಡುಗರಿಗೆ ‘ಮಜಾ’ ಬರುತ್ತದೆ. ‘ಬರೀ ಇಂಟ್ರೊ ಇದ್ದರೆ ಇರಲಿ, ಅತಿರೇಕ ಬೇಡ’ ಎಂಬ ರಾಜಿ ಸೂತ್ರ ಸೋಲುವುದು ಇಲ್ಲಿಯೇ. 2024ರ ನವೆಂಬರ್‌ನಲ್ಲಿ ಗುಜರಾತ್‌ನ ಪಾಟನ್ ಜಿಲ್ಲೆಯ ಧಾರ್‌ಪುರದ ವೈದ್ಯಕೀಯ ಕಾಲೇಜಿನ ಹಾಸ್ಟೆಲ್‌ನಲ್ಲಿ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಕುಸಿದುಬಿದ್ದು ಮೃತಪಟ್ಟ. ಪರಿಚಯ ಮಾಡಿಕೊಳ್ಳುವ ಹೆಸರಿನಲ್ಲಿ ಹೊಸಬರನ್ನು ಸುಮಾರು ಮೂರು ಗಂಟೆ ನಿಲ್ಲಿಸಲಾಗಿತ್ತು ಎಂಬ ದೂರಿನ ಮೇಲೆ 15 ಸೀನಿಯರ್‌ಗಳ ವಿರುದ್ಧ ಪ್ರಕರಣ ದಾಖಲಾಯಿತು.

ಹಳೆಯ ರೂಢಿ, ಹೊಸ ನೆಲ

ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲೇ ಇಂಥ ಆಚರಣೆಗಳಿದ್ದವು. ಜರ್ಮನಿ ಮತ್ತು ಸ್ವೀಡನ್‌ನಲ್ಲಿ ಹೊಸ ವಿದ್ಯಾರ್ಥಿಗೆ ಕೊಂಬಿನ ಟೋಪಿ ತೊಡಿಸಿ, ಪ್ರಾಣಿಯಂತೆ ನಡೆಸಿಕೊಂಡು, ಕೊಂಬು ಕಿತ್ತು, ‘ಈಗ ನೀನು ಮನುಷ್ಯನಾದೆ’ ಎಂದು ಸೇರಿಸಿಕೊಳ್ಳುವ ವಿಧಿ ನಡೆಯುತ್ತಿತ್ತು. ಸೇರುವ ಮುನ್ನ ನೀನು ಮನುಷ್ಯನೇ ಅಲ್ಲ, ನಾವು ಒಪ್ಪಿದರೆ ಮಾತ್ರ ಮನುಷ್ಯ ಎಂಬ ಭಾವನೆ ಇಂದಿಗೂ ಎಲ್ಲ ರ‍್ಯಾಗಿಂಗ್‌ನ ತಿರುಳು. ಬ್ರಿಟಿಷರ ವಸತಿ ಶಾಲೆಗಳಲ್ಲಿ ಕಿರಿಯರು ಹಿರಿಯರ ಚಾಕರಿ ಮಾಡುವ ಪದ್ಧತಿ ಬೇರೂರಿತ್ತು. ಭಾರತದಲ್ಲಿ ವಸತಿ ಸಹಿತ ವೃತ್ತಿ ಶಿಕ್ಷಣ ಸಂಸ್ಥೆಗಳಲ್ಲಿ, ಅದರಲ್ಲೂ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ರ‍್ಯಾಗಿಂಗ್ ಗಟ್ಟಿಯಾಗಿ ನೆಲೆ ಕಂಡುಕೊಂಡಿತು. ಬಿಗಿಯಾದ ಬ್ಯಾಚ್ ವ್ಯವಸ್ಥೆ, ಮನೆಯಿಂದ ದೂರದ ಹಾಸ್ಟೆಲ್ ವಾಸ, ನೋಟ್ಸ್‌ಗೂ ಪುಸ್ತಕಕ್ಕೂ ಸೀನಿಯರ್‌ಗಳನ್ನೇ ನೆಚ್ಚಬೇಕಾದ ಸ್ಥಿತಿ ಅದಕ್ಕೆ ಒದಗಿಬಂದವು.

ಅನುಭವಿಸಿದವರೇ ಮಾಡುವುದೇಕೆ?

ರ‍್ಯಾಗಿಂಗ್‌ನ ಬಹುದೊಡ್ಡ ಒಗಟೆಂದರೆ ಅದರ ಕಹಿ ಉಂಡವರೇ ಮರುವರ್ಷ ಅದನ್ನು ಬಡಿಸುವುದು. ಎರಡನೇ ವರ್ಷಕ್ಕೆ ಕಾಲಿಟ್ಟ ವಿದ್ಯಾರ್ಥಿಗಳು ಸಾಮಾನ್ಯವಾಗಿ ಇದರಲ್ಲಿ ಮುಂದಿರುತ್ತಾರೆ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆ ಹೇಳುವುದು ಈ ಲೆಕ್ಕಾಚಾರವನ್ನೇ. ಸಹಿಸಿದ್ದಕ್ಕೆ ಪರಿಹಾರ ಕೊಡಬೇಕಾದವರು ಹಿಂಸಿಸಿದವರು. ಅವರ ಬಳಿ ಅದನ್ನು ಕೇಳಲಾಗದವರು ತಮಗಿಂತ ಕೆಳಗಿನವರಿಂದ ವಸೂಲು ಮಾಡುತ್ತಾರೆ.

ಇದಕ್ಕೆ ಮನಶ್ಶಾಸ್ತ್ರದ ವಿವರಣೆಯೂ ಇದೆ. 1959ರಲ್ಲಿ ಅಮೆರಿಕದ ಎಲಿಯಟ್ ಆರನ್‌ಸನ್ ಮತ್ತು ಜಡ್ಸನ್ ಮಿಲ್ಸ್ ಒಂದು ಪ್ರಯೋಗ ಮಾಡಿದರು. ಚರ್ಚಾ ಗುಂಪೊಂದಕ್ಕೆ ಸೇರಬಯಸಿದ ಕಾಲೇಜು ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ತೀರ ಮುಜುಗರದ ಪ್ರವೇಶ ಪರೀಕ್ಷೆ, ಕೆಲವರಿಗೆ ಹಗುರವಾದದ್ದು, ಉಳಿದವರಿಗೆ ಯಾವ ಪರೀಕ್ಷೆಯೂ ಇಲ್ಲ. ಆಮೇಲೆ ಎಲ್ಲರಿಗೂ ಕೇಳಿಸಿದ್ದು ಬೇಕೆಂದೇ ನೀರಸವಾಗಿ ತಯಾರಿಸಿದ ಒಂದೇ ಚರ್ಚೆ. ತೀರ ಮುಜುಗರಕ್ಕೆ ಒಳಗಾದವರು ಉಳಿದವರಿಗಿಂತ ಆ ಚರ್ಚೆಯನ್ನು ಹೆಚ್ಚು ಮೆಚ್ಚಿಕೊಂಡರು. ಇಷ್ಟು ಕಷ್ಟಪಟ್ಟು ಪಡೆದದ್ದು ಬೆಲೆಯಿಲ್ಲದ್ದು ಎಂದು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ‘ರ‍್ಯಾಗಿಂಗ್ ನನ್ನನ್ನು ಗಟ್ಟಿ ಮಾಡಿತು’ ಎಂದು ಹಳೆಯ ವಿದ್ಯಾರ್ಥಿಗಳು ಪ್ರಾಮಾಣಿಕವಾಗಿ ಹೇಳುವುದರ ಹಿಂದೆ ಈ ಮನೋವ್ಯಾಪಾರ ಕೆಲಸ ಮಾಡುತ್ತದೆ. ಪಟ್ಟ ನೋವು ವ್ಯರ್ಥವಾಯಿತು ಎಂದುಕೊಳ್ಳುವುದಕ್ಕಿಂತ ಅದರಿಂದ ಲಾಭವಾಯಿತು ಎಂದುಕೊಳ್ಳುವುದು ಸುಲಭ. ಹಾಗೆ ಅಂದುಕೊಂಡವರು ಅದನ್ನು ಮುಂದಿನವರಿಗೂ ಕೊಡಲು ಮುಂದಾಗುತ್ತಾರೆ.

ರ‍್ಯಾಗಿಂಗ್‌ನಿಂದ ಒಗ್ಗಟ್ಟು ಬೆಳೆಯುತ್ತದೆ, ಸೀನಿಯರ್–ಜೂನಿಯರ್ ಸಲಿಗೆ ಹುಟ್ಟುತ್ತದೆ ಎಂಬ ವಾದ ಎಲ್ಲೆಡೆ ಕೇಳಿಬರುತ್ತದೆ. ಇದನ್ನು ನೇರವಾಗಿ ಅಳೆದ ಅಧ್ಯಯನಗಳು ಕಡಿಮೆ. ಆಲ್ಡೊ ಚಿಮಿನೊ ಮತ್ತು ಬೆಂಜಮಿನ್ ಥಾಮಸ್ ಅಮೆರಿಕದ ವಿದ್ಯಾರ್ಥಿ ಸಂಘವೊಂದರ ಹೊಸ ಸದಸ್ಯರನ್ನು ತಿಂಗಳುಗಟ್ಟಲೆ ಹಿಂಬಾಲಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಠಿಣ ಹಿಂಸೆ ಒಗ್ಗಟ್ಟನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಅವರಿಗೆ ಹೇಳಿಕೊಳ್ಳುವಂಥ ಆಧಾರ ಸಿಗಲಿಲ್ಲ. ಒಟ್ಟಿಗೆ ಪೆಟ್ಟು ತಿಂದ ಹೊಸಬರು ತಮ್ಮತಮ್ಮಲ್ಲಿ ಹತ್ತಿರವಾಗಬಹುದು. ಪೆಟ್ಟು ಕೊಟ್ಟವರ ಮೇಲೆ ಹುಟ್ಟುವುದು ಹೆಚ್ಚಾಗಿ ಭಯ. ಹೊರಗಿನಿಂದ ನೋಡಿದವರಿಗೆ ಅದು ಗೌರವದಂತೆ ಕಾಣುತ್ತದೆ. ಒಗ್ಗಟ್ಟು ಬೆಳೆಯುವ ದಾರಿ ಬೇರೆಯೇ ಇದೆ. 1954ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಮುಜಫರ್ ಶೆರಿಫ್ ನಡೆಸಿದ ಬೇಸಿಗೆ ಶಿಬಿರದ ಅಧ್ಯಯನದಲ್ಲಿ, ಪರಸ್ಪರ ಹಗೆ ಸಾಧಿಸುತ್ತಿದ್ದ ಬಾಲಕರ ಎರಡು ಗುಂಪುಗಳು ಕೂಡಿ ದುಡಿಯದೆ ಬಗೆಹರಿಯದ ಕೆಲಸ ಎದುರಾದಾಗ ಹತ್ತಿರವಾದವು. ಹೆಗಲು ಕೊಟ್ಟು ಮಾಡಿದ ಕೆಲಸ ಜನರನ್ನು ಬೆಸೆಯುತ್ತದೆ.

ನೋಡುವವರ ಮೌನ, ನೊಂದವರ ಮೌನ

ಯಾವುದೇ ರ‍್ಯಾಗಿಂಗ್ ಘಟನೆಯಲ್ಲಿ ಹಿಂಸಿಸುವವರು ಬೆರಳೆಣಿಕೆಯಷ್ಟು. ನೋಡುತ್ತ ನಿಲ್ಲುವವರು ಬಹಳ. ನಿಂತವರಲ್ಲಿ ಹೆಚ್ಚಿನವರಿಗೆ ಅದು ಇಷ್ಟವಿರುವುದಿಲ್ಲ. ಆದರೆ ಸುತ್ತಲಿನವರು ಸುಮ್ಮನಿರುವುದನ್ನು ಕಂಡು, ತನಗೊಬ್ಬನಿಗೇ ಹೀಗನಿಸುತ್ತಿದೆ ಎಂದುಕೊಂಡು ಎಲ್ಲರೂ ಸುಮ್ಮನಾಗುತ್ತಾರೆ. ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ನಡೆಸಿದ ಪ್ರಯೋಗವೊಂದರಲ್ಲಿ ಕೋಣೆಯೊಳಗೆ ಹೊಗೆ ನುಗ್ಗಿದಾಗ, ಒಬ್ಬರೇ ಕುಳಿತಿದ್ದವರಲ್ಲಿ ಶೇ 75ರಷ್ಟು ಮಂದಿ ಎದ್ದುಹೋಗಿ ತಿಳಿಸಿದರು. ಏನೂ ಆಗದವರಂತೆ ಕೂರಲು ಮೊದಲೇ ಹೇಳಿಕೊಟ್ಟಿದ್ದ ಇಬ್ಬರ ಜತೆ ಕುಳಿತವರಲ್ಲಿ ತಿಳಿಸಿದವರು ಶೇ 10 ಮಾತ್ರ. ಹಾಸ್ಟೆಲ್ ರೂಮಿನಲ್ಲಿ ನಡೆಯುವುದೂ ಇದೇ. ಇದಕ್ಕೆ ಇನ್ನೊಂದು ಮುಖವಿದೆ: ಒಬ್ಬರು ‘ಸಾಕು, ಬಿಡಿ’ ಎಂದರೆ ಉಳಿದವರಿಗೂ ಬಾಯಿ ಬರುತ್ತದೆ.

ನೊಂದವರ ಮೌನಕ್ಕೆ ಕಾರಣಗಳು ಬೇರೆ. ದೂರು ಕೊಟ್ಟರೆ ಬ್ಯಾಚ್‌ನವರೇ ಬಹಿಷ್ಕರಿಸುತ್ತಾರೆ ಎಂಬ ಭಯ, ಸಾಲ ಮಾಡಿ ಓದಿಸುತ್ತಿರುವ ಅಪ್ಪ–ಅಮ್ಮನಿಗೆ ಹೇಳಲು ಸಂಕೋಚ, ಕಾಲೇಜು ನಂಬುವುದಿಲ್ಲ ಎಂಬ ಅನುಮಾನ. ಇವುಗಳ ಜತೆಗೆ, ನಡೆದದ್ದನ್ನು ಹಿಂಸೆ ಎಂದು ಗುರುತಿಸಲಾರದ ಗೊಂದಲವೂ ಇರುತ್ತದೆ. ಅಮೆರಿಕದ ಮೇನ್ ವಿಶ್ವವಿದ್ಯಾಲಯದ ಎಲಿಜಬೆತ್ ಆ್ಯಲನ್ ಮತ್ತು ಮೇರಿ ಮ್ಯಾಡನ್ 53 ಕಾಲೇಜುಗಳ 11 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಸಮೀಕ್ಷೆ ನಡೆಸಿ 2008ರಲ್ಲಿ ವರದಿ ಕೊಟ್ಟರು. ಸಂಘ, ತಂಡಗಳಿಗೆ ಸೇರಿದವರಲ್ಲಿ ಶೇ 55ರಷ್ಟು ಮಂದಿ ಇಂಥ ನಡವಳಿಕೆಗೆ ಒಳಗಾಗಿದ್ದರು. ಆದರೆ ಹಾಗೆ ಒಳಗಾದ ಹತ್ತರಲ್ಲಿ ಒಂಬತ್ತು ಮಂದಿ ತಮ್ಮ ಮೇಲೆ ಹಿಂಸೆ ನಡೆದಿದೆ ಎಂದೇ ಭಾವಿಸಿರಲಿಲ್ಲ. ತಮಗಾದದ್ದು ಹಿಂಸೆಯೆಂದು ಗುರುತಿಸಿದವರಲ್ಲೂ ಶೇ 95ರಷ್ಟು ಮಂದಿ ಕಾಲೇಜಿಗೆ ತಿಳಿಸಿರಲಿಲ್ಲ. ದೂರು ಬಂದಿಲ್ಲ ಎಂದರೆ ರ‍್ಯಾಗಿಂಗ್ ಇಲ್ಲ ಎಂದು ಅರ್ಥವಲ್ಲ ಎಂಬುದನ್ನು ಈ ಅಂಕಿಗಳು ಸ್ಪಷ್ಟಪಡಿಸುತ್ತವೆ.

ದೇಹಕ್ಕೆ, ಮನಸ್ಸಿಗೆ ಬೀಳುವ ಪೆಟ್ಟು

ಕಾಣದ ಗಾಯಗಳೇ ಹೆಚ್ಚು. ನಿದ್ರೆ ಕೆಡುವುದು, ಸದಾ ಎಚ್ಚರದಲ್ಲಿರುವ ಆತಂಕ, ತರಗತಿಗೆ ಹೋಗಲು ಹೆದರಿಕೆ, ಅಂಕ ಕುಸಿಯುವುದು, ಖಿನ್ನತೆ, ಕೊನೆಗೆ ಓದು ಬಿಡುವುದು. ಮೊದಲ ಬಾರಿಗೆ ಮನೆ ಬಿಟ್ಟು ಬಂದ ಹದಿನೇಳು–ಹದಿನೆಂಟರ ವಯಸ್ಸಿನವರಿಗೆ ಇದು ಬಡಿಯುವುದು ಆಸರೆಯೇ ಇಲ್ಲದ ಹೊತ್ತಿನಲ್ಲಿ. ತಮಾಷೆಯಂತೆ ಕಾಣುವ ಶಿಕ್ಷೆಗಳೂ ಜೀವಕ್ಕೆ ಎರವಾಗಬಹುದು. ಅಭ್ಯಾಸವಿಲ್ಲದವರಿಗೆ ನೂರಾರು ಬಸ್ಕಿ ಹೊಡೆಸಿದರೆ ತೊಡೆಯ ಸ್ನಾಯುಗಳು ಒಡೆದು, ಅವುಗಳಲ್ಲಿನ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡ ವಿಫಲವಾಗುವ ಅಪಾಯವಿದೆ. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಲವಂತವಾಗಿ ಕುಡಿಸಿದ ಮದ್ಯ ಉಸಿರಾಟವನ್ನೇ ನಿಲ್ಲಿಸಬಲ್ಲದು.

ಹಿಂಸಿಸಿದವರಿಗೂ ಇದರಿಂದ ಉಳಿಗಾಲವಿಲ್ಲ. ಪೊಲೀಸ್ ಪ್ರಕರಣ, ಓದು ನಿಲ್ಲುವುದು, ವರ್ಷಗಟ್ಟಲೆ ಕೋರ್ಟಿನ ಅಲೆದಾಟ ಅವರ ಬದುಕನ್ನೂ ಅವರ ಮನೆಯವರನ್ನೂ ಮುಳುಗಿಸುತ್ತವೆ.

ಸಾವುಗಳ ಬೆನ್ನಿಗೆ ಬಂದ ಕಾನೂನು

ಭಾರತದಲ್ಲಿ ರ‍್ಯಾಗಿಂಗ್ ವಿರುದ್ಧದ ಕಾನೂನುಗಳು ಮುಖ್ಯವಾಗಿ ಸಾವುಗಳ ಬೆನ್ನಿಗೇ ಬಂದಿವೆ. 1996ರಲ್ಲಿ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಯ ಕೊಲೆಯಾಯಿತು. ಮರುವರ್ಷ ತಮಿಳುನಾಡು ರ‍್ಯಾಗಿಂಗ್ ನಿಷೇಧ ಕಾಯ್ದೆ ಬಂತು. ಆ ಪ್ರಕರಣದಲ್ಲಿ ಸೀನಿಯರ್ ವಿದ್ಯಾರ್ಥಿಗೆ ವಿಧಿಸಿದ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಮರುಸ್ಥಾಪಿಸಿದ್ದು 2011ರಲ್ಲಿ. 1998ರಲ್ಲಿ ಕೇರಳ, 1999ರಲ್ಲಿ ಮಹಾರಾಷ್ಟ್ರ ತಮ್ಮದೇ ಕಾಯ್ದೆ ಮಾಡಿಕೊಂಡವು. ಕರ್ನಾಟಕದಲ್ಲಿ ಶಿಕ್ಷಣ ಕಾಯ್ದೆಯ ಅಡಿ ರ‍್ಯಾಗಿಂಗ್‌ಗೆ ಒಂದು ವರ್ಷದವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ ಇಲ್ಲವೇ ಎರಡನ್ನೂ ವಿಧಿಸಬಹುದು. ಹಲ್ಲೆ, ಅಕ್ರಮ ಬಂಧನ, ಬೆದರಿಕೆ, ಆತ್ಮಹತ್ಯೆಗೆ ಪ್ರಚೋದನೆಯಂಥ ಕೃತ್ಯಗಳಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಮುಗಳೂ ಸೇರುತ್ತವೆ.

ಕೇರಳದ ಪ್ರಕರಣವೊಂದರ ವಿಚಾರಣೆಯ ವೇಳೆ ಸುಪ್ರೀಂ ಕೋರ್ಟ್ ಸೂಚನೆಯಂತೆ ಸಿಬಿಐನ ಮಾಜಿ ನಿರ್ದೇಶಕ ಆರ್.ಕೆ. ರಾಘವನ್ ನೇತೃತ್ವದ ಸಮಿತಿ ರಚನೆಯಾಯಿತು. 2007ರಲ್ಲಿ ವರದಿ ಸಲ್ಲಿಸಿದ ಆ ಸಮಿತಿ ಹೊಣೆಯನ್ನು ವಿದ್ಯಾರ್ಥಿಗಳ ಜತೆಗೆ ಸಂಸ್ಥೆಗಳ ಮೇಲೂ ಹೊರಿಸಿತು. ಎರಡು ವರ್ಷಗಳ ನಂತರ, 2009ರ ಮಾರ್ಚ್ 8ರಂದು ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸೀನಿಯರ್‌ಗಳ ಹೊಡೆತಕ್ಕೆ ಸಿಕ್ಕಿ 19ರ ಹರೆಯದ ಅಮನ್ ಕಾಚ್ರೂ ಮೃತಪಟ್ಟ. ನಾಲ್ವರಿಗೆ ತಲಾ ನಾಲ್ಕು ವರ್ಷ ಸೆರೆಯಾಯಿತು. ಅವನ ತಂದೆ ರಾಜೇಂದ್ರ ಕಾಚ್ರೂ ನಡೆಸಿದ ಹೋರಾಟ ದೇಶದ ಗಮನ ಸೆಳೆಯಿತು. ಅದೇ ವರ್ಷದ ಜೂನ್‌ನಲ್ಲಿ ಯುಜಿಸಿ ಕಟ್ಟುನಿಟ್ಟಿನ ನಿಯಮಗಳನ್ನು ತಂದಿತು, ರಾಷ್ಟ್ರೀಯ ಸಹಾಯವಾಣಿಯೂ ಶುರುವಾಯಿತು. ವೈದ್ಯಕೀಯ ಕಾಲೇಜುಗಳಿಗಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರಲ್ಲಿ ಪ್ರತ್ಯೇಕ ನಿಯಮ ಮಾಡಿತು.

2009ರ ನಿಯಮಗಳು ಕಾಗದದ ಮೇಲೆ ಬಹಳ ವಿವರವಾಗಿವೆ. ಪ್ರತಿ ವರ್ಷ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಕೊಡಬೇಕು. ಸಂಸ್ಥೆಯ ಮುಖ್ಯಸ್ಥರ ನೇತೃತ್ವದ ಸಮಿತಿಯಲ್ಲಿ ಪೊಲೀಸ್, ಆಡಳಿತ, ಮಾಧ್ಯಮ, ಪೋಷಕರು, ಹೊಸ ಮತ್ತು ಹಿರಿಯ ವಿದ್ಯಾರ್ಥಿಗಳ ಪ್ರತಿನಿಧಿಗಳಿರಬೇಕು. ಹಾಸ್ಟೆಲ್‌ಗಳಿಗೆ ಹೇಳದೆ ಕೇಳದೆ ಭೇಟಿ ಕೊಡುವ ತಂಡ ಬೇರೆಯೇ ಇರಬೇಕು. ಹೊಸಬರಿಗೆ ಆದಷ್ಟು ಪ್ರತ್ಯೇಕ ವಸತಿ ಕಟ್ಟಡ, ಆರು ಹೊಸಬರಿಗೊಬ್ಬ ಮಾರ್ಗದರ್ಶಕ, ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೆಸರು ಬರೆಯಬೇಕಿಲ್ಲದ ಸಮೀಕ್ಷೆ, ಮಾಹಿತಿ ಬಂದ 24 ಗಂಟೆಯೊಳಗೆ ಎಫ್‌ಐಆರ್. ಶಿಕ್ಷೆಯ ಪಟ್ಟಿ ತರಗತಿಯಿಂದ ಅಮಾನತು ಮಾಡುವುದರಿಂದ ಹಿಡಿದು ಕಾಲೇಜಿನಿಂದ ಹೊರಹಾಕುವವರೆಗೆ ಇದೆ.

ಆದರೂ ಸಾವುಗಳು ನಿಂತಿಲ್ಲ. 2023ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ಹಾಸ್ಟೆಲ್ ಮಹಡಿಯಿಂದ ಬಿದ್ದು ಮೊದಲ ವರ್ಷದ ವಿದ್ಯಾರ್ಥಿ ಮೃತಪಟ್ಟ. ಬಂಧಿತರಲ್ಲಿ ಓದು ಮುಗಿಸಿದ ಮೇಲೂ ಹಾಸ್ಟೆಲ್ ಬಿಡದಿದ್ದ ಹಳೆಯ ವಿದ್ಯಾರ್ಥಿಗಳೂ ಇದ್ದರು. 2024ರ ಫೆಬ್ರುವರಿಯಲ್ಲಿ ಕೇರಳದ ವಯನಾಡಿನ ಪಶುವೈದ್ಯಕೀಯ ಕಾಲೇಜಿನ ಹಾಸ್ಟೆಲ್‌ನಲ್ಲಿ ಎರಡನೇ ವರ್ಷದ ವಿದ್ಯಾರ್ಥಿ ಶವವಾಗಿ ಸಿಕ್ಕ. ಅದಕ್ಕೂ ಮುನ್ನ ದಿನಗಟ್ಟಲೆ ಆತನ ಮೇಲೆ ಹಲ್ಲೆ ನಡೆದಿತ್ತು ಎಂಬ ಆರೋಪದ ತನಿಖೆ ಸಿಬಿಐಗೆ ಹೋಯಿತು. 2025ರ ಫೆಬ್ರುವರಿಯಲ್ಲಿ ಕೊಟ್ಟಾಯಂನ ಸರ್ಕಾರಿ ನರ್ಸಿಂಗ್ ಕಾಲೇಜಿನ ಹೊಸಬರ ಮೇಲೆ ತಿಂಗಳುಗಟ್ಟಲೆ ದೌರ್ಜನ್ಯ ನಡೆಸಿದ ಆರೋಪದಲ್ಲಿ ಐವರು ಸೀನಿಯರ್‌ಗಳು ಬಂಧಿತರಾದರು. ನಿಯಮಗಳ ಕೊರತೆ ಇವುಗಳಿಗೆ ಕಾರಣವಲ್ಲ. ನಿಯಮವು ಮುಚ್ಚಳಿಕೆ ಮತ್ತು ನೋಟಿಸ್ ಬೋರ್ಡಿಗೆ ಮುಗಿದುಹೋಗಿ, ರಾತ್ರಿ ಹತ್ತರ ನಂತರದ ಹಾಸ್ಟೆಲ್‌ಗೆ ತಲುಪದಿರುವುದು ಕಾರಣ.

ಬೇರೆ ನಾಡುಗಳ ಪಾಠ

ರಷ್ಯಾದ ಸೇನೆಯಲ್ಲಿ ಕಡ್ಡಾಯ ಸೇವೆಗೆ ಬಂದ ಹೊಸ ಸೈನಿಕರನ್ನು ಹಿಂದಿನ ಸಾಲಿನವರು ಆಳುವ ಪದ್ಧತಿ ದಶಕಗಟ್ಟಲೆ ನಡೆಯಿತು. 2005ರ ಕೊನೆಯ ರಾತ್ರಿ ಚೆಲ್ಯಾಬಿನ್ಸ್ಕ್‌ನ ಸೇನಾ ಶಾಲೆಯಲ್ಲಿ ಹಿಂಸೆಗೊಳಗಾದ ಸೈನಿಕನೊಬ್ಬನ ಎರಡೂ ಕಾಲುಗಳನ್ನು ಕತ್ತರಿಸಬೇಕಾಯಿತು. ಆ ಘಟನೆ ದೇಶವನ್ನು ಬೆಚ್ಚಿಬೀಳಿಸಿತು. ಎರಡು ವರ್ಷದ ಕಡ್ಡಾಯ ಸೇವೆಯನ್ನು 2008ರ ಹೊತ್ತಿಗೆ ಒಂದು ವರ್ಷಕ್ಕೆ ಇಳಿಸಲಾಯಿತು. ಎರಡನೇ ವರ್ಷವೇ ಇಲ್ಲವಾದಾಗ ಹಿಂದಿನ ಸಾಲಿನ ಯಜಮಾನಿಕೆಗೆ ಇದ್ದ ಮುಖ್ಯ ಆಧಾರ ಕಳಚಿತು. ಪಿಡುಗು ಪೂರ್ತಿ ಹೋಗಲಿಲ್ಲ, ಆದರೆ ವ್ಯವಸ್ಥೆಯ ರಚನೆ ಬದಲಿಸುವುದೂ ತಡೆಯ ಒಂದು ದಾರಿ ಎಂಬುದನ್ನು ಇದು ತೋರಿಸಿತು.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘವೊಂದರಲ್ಲಿ 2017ರ ಫೆಬ್ರುವರಿಯಲ್ಲಿ ಹೊಸ ಸದಸ್ಯನಿಗೆ ಮಿತಿಮೀರಿ ಕುಡಿಸಲಾಯಿತು. ಮೆಟ್ಟಿಲಿನಿಂದ ಬಿದ್ದು ತೀವ್ರವಾಗಿ ಗಾಯಗೊಂಡ ಅವನಿಗಾಗಿ ಸುಮಾರು 12 ಗಂಟೆ ಕಾಲ ಯಾರೂ ನೆರವು ಕರೆಯಲಿಲ್ಲ, ಅವನು ಬದುಕುಳಿಯಲಿಲ್ಲ. ಮರುವರ್ಷ ಪೆನ್ಸಿಲ್ವೇನಿಯಾ ರಾಜ್ಯ ತಂದ ಕಾಯ್ದೆ ಶಿಕ್ಷೆಯನ್ನು ಬಿಗಿಗೊಳಿಸಿದ್ದಷ್ಟೇ ಅಲ್ಲದೆ, ಗಾಯಗೊಂಡವರಿಗಾಗಿ ನೆರವು ಕರೆದವರಿಗೆ ಕಾನೂನಿನ ರಕ್ಷಣೆಯನ್ನೂ ಕೊಟ್ಟಿತು. ಸಿಕ್ಕಿಬೀಳುವ ಭಯದಲ್ಲಿ ಆಂಬುಲೆನ್ಸ್ ಕರೆಯದಿರುವುದು ಜೀವ ತೆಗೆಯುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ. 2024ರ ಡಿಸೆಂಬರ್‌ನಲ್ಲಿ ಬಂದ ಅಲ್ಲಿನ ಕೇಂದ್ರ ಕಾನೂನು, ಪ್ರಕರಣಗಳ ವಿವರವನ್ನು ಕಾಲೇಜುಗಳು ಸಾರ್ವಜನಿಕವಾಗಿ ಪ್ರಕಟಿಸಲೇಬೇಕು ಎಂದು ಹೇಳುತ್ತದೆ.

ತಡೆಯುವುದು ಎಲ್ಲಿಂದ?

ಸರಪಳಿ ದಾಟುವುದು ಮೊದಲ ವರ್ಷದಿಂದ ಎರಡನೇ ವರ್ಷಕ್ಕೆ. ಹಾಗಾಗಿ ತಡೆಯೂ ಅಲ್ಲಿಂದಲೇ ಶುರುವಾಗಬೇಕು. ಈಗ ಕಾಲೇಜುಗಳು ಹೊಸಬರನ್ನು ಕೂರಿಸಿ ರ‍್ಯಾಗಿಂಗ್ ಬಗ್ಗೆ ಭಾಷಣ ಮಾಡುತ್ತವೆ. ಮಾತಾಡಬೇಕಾದದ್ದು ಎರಡನೇ ವರ್ಷದವರ ಜತೆ, ಅದೂ ಹೊಸ ಬ್ಯಾಚ್ ಬರುವ ಮುನ್ನ. ಹಿಂದಿನ ವರ್ಷ ಅವರು ಅನುಭವಿಸಿದ್ದನ್ನು ಕೇಳಿಸಿಕೊಳ್ಳಬೇಕು. ಅದಕ್ಕೆ ಕಾರಣರಾದವರ ಮೇಲೆ ಕ್ರಮ ಆಗಬೇಕು. ನ್ಯಾಯ ಸಿಕ್ಕವರಿಗೆ ಸೇಡಿನ ಹಸಿವು ಕಡಿಮೆ. ಆಮೇಲೆ ಅವರಿಗೆ ಹಿರಿತನದ ನಿಜವಾದ ಕೆಲಸ ಕೊಡಬೇಕು: ಪ್ರವೇಶದ ದಿನ ಅರ್ಜಿ ತುಂಬಿಸುವುದು, ಹಾಸ್ಟೆಲ್ ತೋರಿಸುವುದು, ಹಳೆಯ ಪುಸ್ತಕ ಒದಗಿಸುವುದು, ಇಂಗ್ಲಿಷ್‌ಗೆ ಕಷ್ಟಪಡುವವರಿಗೆ ಪಾಠ ಬಿಡಿಸಿ ಹೇಳುವುದು. ಗೌರವ ಗಳಿಸಲು ಮರ್ಯಾದೆಯ ದಾರಿ ಇದ್ದಾಗ ಹೆದರಿಸಿ ಪಡೆಯುವ ಹಂಬಲ ತಗ್ಗುತ್ತದೆ.

ಎರಡನೆಯದು ಜಾಗ ಮತ್ತು ಹೊತ್ತು. ರ‍್ಯಾಗಿಂಗ್ ನಡೆಯುವುದು ಹೆಚ್ಚಾಗಿ ರಾತ್ರಿ, ಹಾಸ್ಟೆಲ್ ರೂಮು, ತಾರಸಿ, ಖಾಸಗಿ ಪಿ.ಜಿ.ಗಳಲ್ಲಿ. ವಾರ್ಡನ್ ಹಾಸ್ಟೆಲ್‌ನಲ್ಲೇ ವಾಸವಿರಬೇಕು. ಹತ್ತಾರು ಹೊಣೆಗಳ ನಡುವೆ ಸಹಿ ಹಾಕಲು ಮಾತ್ರ ಬರುವ ಅಧ್ಯಾಪಕರಿಂದ ಈ ಕೆಲಸ ಆಗದು. ಓದು ಮುಗಿಸಿದವರು ಹಾಸ್ಟೆಲ್ ಖಾಲಿ ಮಾಡಲೇಬೇಕು. ಕಾಲೇಜಿನ ಹೊರಗಿನ ಪಿ.ಜಿ.ಗಳಲ್ಲಿರುವ ಹೊಸಬರ ಪಟ್ಟಿ ಕಾಲೇಜಿನ ಬಳಿ ಇರಬೇಕು. ಮೆಸ್ ಅಡುಗೆಯವರು, ಕಾವಲುಗಾರರು, ಸ್ವಚ್ಛತೆಯವರು ಎಲ್ಲಕ್ಕಿಂತ ಮೊದಲು ಬದಲಾವಣೆ ಗಮನಿಸುವವರು. ಅವರಿಗೂ ತಿಳಿವಳಿಕೆ ಕೊಟ್ಟು, ಅವರ ಮಾತಿಗೆ ಬೆಲೆ ಕೊಡಬೇಕು.

ಮೂರನೆಯದು ಸ್ವಾಗತದ ರೂಢಿಯನ್ನೇ ಬದಲಿಸುವುದು. ಸೇರ್ಪಡೆಯ ಆಚರಣೆ ಮನುಷ್ಯರಿಗೆ ಬೇಕು. ಅದನ್ನು ಬರೀ ನಿಷೇಧಿಸಿದರೆ ಕದ್ದುಮುಚ್ಚಿ ನಡೆಯುತ್ತದೆ. ಹಗಲಲ್ಲಿ, ಅಧ್ಯಾಪಕರ ಜತೆ, ಹೊಸಬರೂ ಹಳಬರೂ ಒಂದೇ ತಂಡದಲ್ಲಿ ಆಡುವ ಪಂದ್ಯ, ಕೂಡಿ ಕಟ್ಟುವ ನಾಟಕ, ಊರಿನ ಆರೋಗ್ಯ ಶಿಬಿರ, ಎನ್‌ಎಸ್‌ಎಸ್ ಶ್ರಮದಾನ ಇವು ಆ ಜಾಗ ತುಂಬಬಲ್ಲವು. ನಿಯಮ ಒಂದೇ: ಹೊಸಬರಿಂದ ಮಾಡಿಸುವುದನ್ನು ಹಳಬರೂ ಜತೆಗೇ ಮಾಡಬೇಕು.

ನಾಲ್ಕನೆಯದು ನೋಡುಗರ ತರಬೇತಿ. ಎದುರು ನಿಂತು ಜಗಳವಾಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಅದರ ಅಗತ್ಯವೂ ಇಲ್ಲ. ‘ವಾರ್ಡನ್ ಕರೆಯುತ್ತಿದ್ದಾರೆ’ ಎಂದು ಹೊಸಬನನ್ನು ಅಲ್ಲಿಂದ ಎಬ್ಬಿಸಬಹುದು, ಗೆಳೆಯನನ್ನು ಜತೆಗೆ ಕರೆದುಕೊಂಡು ರೂಮಿನೊಳಗೆ ಹೋಗಬಹುದು, ಹೊರಬಂದು ಫೋನ್ ಮಾಡಬಹುದು, ಮರುದಿನ ನೊಂದವನ ಪಕ್ಕ ಊಟಕ್ಕೆ ಕೂರಬಹುದು.

ಕೊನೆಯದು ಕ್ರಮ. ಶಿಕ್ಷೆಯ ಕಠಿಣತೆಗಿಂತ ಅದರ ಖಚಿತತೆ ಹೆಚ್ಚು ಹೆದರಿಸುತ್ತದೆ. ಸಣ್ಣ ತಪ್ಪಿಗೆ ಸಣ್ಣ ಶಿಕ್ಷೆಯಾದರೂ ವಾರದೊಳಗೆ ಆಗಬೇಕು. ಕಾಲೇಜಿನ ಹೆಸರು ಕೆಡುತ್ತದೆಂದು ರಾಜಿ ಮಾಡಿಸುವುದು, ನೊಂದವರನ್ನೇ ಬೇರೆ ಹಾಸ್ಟೆಲ್‌ಗೆ ಕಳುಹಿಸುವುದು ಎರಡೂ ಹಿಂಸಿಸಿದವರ ಪರವಾಗಿ ಕೊಟ್ಟ ತೀರ್ಪುಗಳು. ಯುಜಿಸಿ ಆಗಸ್ಟ್ 12ನ್ನು ರ‍್ಯಾಗಿಂಗ್ ವಿರೋಧಿ ದಿನವಾಗಿ, 18ರವರೆಗೆ ಸಪ್ತಾಹವಾಗಿ ಆಚರಿಸಲು ಹೇಳಿದೆ. ಪೋಸ್ಟರ್ ಸ್ಪರ್ಧೆಯ ಜತೆಗೆ ಹಿಂದಿನ ವರ್ಷ ಎಷ್ಟು ದೂರು ಬಂದವು, ಏನು ಕ್ರಮವಾಯಿತು ಎಂಬುದನ್ನು ಹೆಸರು ಹೇಳದೆ ಪ್ರಕಟಿಸಿದರೆ ಆ ವಾರಕ್ಕೆ ಅರ್ಥ ಬರುತ್ತದೆ.

ಎದುರಾದಾಗ ಮಾಡಬೇಕಾದದ್ದು

ರ‍್ಯಾಗಿಂಗ್‌ಗೆ ಸಿಕ್ಕವರು ಮೊದಲು ಆ ಜಾಗದಿಂದ ಹೊರಬರಲು ನೋಡಬೇಕು, ಅದೇ ರಾತ್ರಿ ನಂಬಿಕೆಯ ಒಬ್ಬರಿಗಾದರೂ ಹೇಳಬೇಕು. ದಿನ, ಹೊತ್ತು, ಜಾಗ, ಇದ್ದವರ ಹೆಸರುಗಳನ್ನು ಬರೆದಿಡಬೇಕು. ಬೆದರಿಕೆಯ ಸಂದೇಶ, ಹಣ ಕಳುಹಿಸಿದ ದಾಖಲೆ, ವಿಡಿಯೊಗಳನ್ನು ಅಳಿಸಬಾರದು. ಗಾಯವಾಗಿದ್ದರೆ ವೈದ್ಯರ ಬಳಿ ತಪಾಸಣೆ ಮಾಡಿಸಿ ಚೀಟಿ ಇಟ್ಟುಕೊಳ್ಳಬೇಕು. ಕಾಲೇಜಿನ ರ‍್ಯಾಗಿಂಗ್ ವಿರೋಧಿ ಸಮಿತಿಗೆ ಲಿಖಿತ ದೂರು ಕೊಡಬಹುದು. ರಾಷ್ಟ್ರೀಯ ಸಹಾಯವಾಣಿ 1800-180-5522 ಹಗಲೂ ರಾತ್ರಿಯೂ ಉಚಿತವಾಗಿ ಸಿಗುತ್ತದೆ. ಪೋಷಕರು, ಸ್ನೇಹಿತರು ಕೂಡ ಇದಕ್ಕೆ ಕರೆ ಮಾಡಬಹುದು. ಜೀವಕ್ಕೆ ಅಪಾಯವಿದ್ದರೆ 112. ಮನಸ್ಸು ಕುಸಿದಾಗ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಮುಖ್ಯ ಕೇಂದ್ರ.

ಪೋಷಕರು ಗಮನಿಸಬೇಕಾದ ಸುಳಿವುಗಳಿವೆ. ಫೋನ್ ಎತ್ತದಿರುವುದು, ಎತ್ತಿದರೂ ಪಕ್ಕದಲ್ಲಿ ಯಾರೋ ಇರುವಂತೆ ತಡೆತಡೆದು ಮಾತಾಡುವುದು, ಪದೇ ಪದೇ ಹಣ ಕೇಳುವುದು, ರಜೆ ಮುಗಿದರೂ ಹಾಸ್ಟೆಲ್‌ಗೆ ಹೊರಡಲು ಒಲ್ಲೆನ್ನುವುದು. ‘ನಾಲ್ಕು ದಿನ ಸಹಿಸಿಕೋ, ಎಲ್ಲರೂ ದಾಟಿ ಬಂದಿದ್ದಾರೆ’ ಎಂಬ ಸಲಹೆ ಮಕ್ಕಳನ್ನು ಒಂಟಿಯಾಗಿಸುತ್ತದೆ. ಮಗುವಿನ ಮಾತನ್ನು ನಂಬಿ, ಅದೇ ದಿನ ವಾರ್ಡನ್‌ಗೂ ಪ್ರಾಂಶುಪಾಲರಿಗೂ ಬರಹದಲ್ಲಿ ತಿಳಿಸುವುದು ಪೋಷಕರ ಮೊದಲ ಕೆಲಸ.

ತಡೆಯ ಕೆಲಸ ಫಲ ಕೊಡುತ್ತಿದೆಯೇ ಎಂದು ಸಂಸ್ಥೆ ತಿಳಿಯುವುದು ಶೂನ್ಯ ದೂರಿನ ವರದಿಯಿಂದಲ್ಲ. ಆ ಕೆಲಸ ಶುರುವಾದ ಮೊದಲ ವರ್ಷ ದೂರುಗಳು ಹೆಚ್ಚಿದರೆ ಅದು ನಂಬಿಕೆ ಹುಟ್ಟಿದ್ದರ ಗುರುತು. ಹದಿನೈದು ದಿನಕ್ಕೊಮ್ಮೆಯ ಸಮೀಕ್ಷೆಯ ಉತ್ತರಗಳು, ನಡುವೆ ಹಾಸ್ಟೆಲ್ ಬಿಟ್ಟವರ ಸಂಖ್ಯೆ, ತರಗತಿಗೆ ಗೈರಾದವರ ಪಟ್ಟಿ, ಮೆಸ್‌ನಲ್ಲಿ ಹೊಸಬರು–ಹಳಬರು ಬೆರೆತು ಕೂರುತ್ತಾರೆಯೇ ಎಂಬುದು ನಿಜವಾದ ಅಳತೆಗೋಲುಗಳು. ಇವನ್ನು ವರ್ಷ ವರ್ಷವೂ ಹೋಲಿಸಿ ನೋಡುವ ಸಂಸ್ಥೆಗೆ ಎರಡನೇ ವರ್ಷದ ಬ್ಯಾಚ್ ಹಳೆಯ ರೂಢಿಯನ್ನು ಕೈಬಿಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕೈಬಿಟ್ಟಿದ್ದರೆ ಅದರ ಮುಂದಿನ ಬ್ಯಾಚ್‌ಗೆ ಅದನ್ನು ಕಲಿಸುವವರು ಇರುವುದಿಲ್ಲ.